ಆರರ ಗಾಡಿ ಬರುವುದು ಎಷ್ಟೊತ್ತಿಗೆ?

ನಮ್ಮ ಹುಣಸೂರಿಗೆ ರೈಲಿಲ್ಲ. ಪಿರಿಯಾಪಟ್ಟಣಕ್ಕೂ ಇಲ್ಲ, ಎಚ್.ಡಿ. ಕೋಟೆಯನ್ನಂತೂ ಕೇಳಲೇಬೇಡಿ. ಬಂತು ಬಂತು ಎಂದು ನಮ್ಮಪ್ಪನ ಕಾಲದಿಂದ ಕೇಳುತ್ತಿದ್ದೇವೆ. ಬಂದದ್ದು ಬರೀ ಸುದ್ದಿ. ಇಂಥ ಊರಿನಲ್ಲಿ ಕೂತು ಹಳೆಯ ರೈಲ್ವೆ ಟೈಮ್ ಟೇಬಲ್ ಓದುವ ಹುಚ್ಚು ನನಗಿದೆ ಎಂದರೆ ನೀವು ನಗುತ್ತೀರಿ. ನಗಿ, ಪರವಾಗಿಲ್ಲ. ನನ್ನ ಹೆಂಡತಿ ನಕ್ಕು ನಕ್ಕು ಸಾಕಾಗಿ ಈಗ ಬೈಯುವುದಕ್ಕೆ ಶುರುಮಾಡಿದ್ದಾಳೆ.

ನನ್ನದು ಔಷಧಿ ಅಂಗಡಿ. ಗಿರಾಕಿ ಕೆಮ್ಮಿನ ಔಷಧಿ ಕೇಳುವ ಹೊತ್ತಿಗೆ ನಾನು ಮೀಟರ್ ಗೇಜ್ ಕಾಲದ ಗಾಡಿ ಹತ್ತಿ, ಸಾಗರಕಟ್ಟೆ ದಾಟಿ, ಕೆ.ಆರ್. ನಗರದಲ್ಲಿ ಇಳಿಯಲೋ ಅಕ್ಕಿಹೆಬ್ಬಾಳಿನವರೆಗೂ ಹೋಗಿಬಿಡಲೋ ಎಂದು ಯೋಚಿಸುತ್ತಿರುತ್ತೇನೆ. "ಸ್ವಾಮಿ, ಔಷ್ದಿ!" ಎಂದು ಆತ ಕೂಗಿದಾಗಲೇ ನಾನು ಪ್ಲಾಟ್‌ಫಾರಂ ಬಿಟ್ಟು ಬರುವುದು. ಅಂಕಿಗಳ ಸಾಲಿನಲ್ಲಿ ಏನು ಮಜಾ ಅಂತೀರಾ? ಅದನ್ನೇ ಹೇಳಹೊರಟಿದ್ದೇನೆ.

ಹೊಸ ಅಗ್ರಹಾರದಲ್ಲಿ ನನ್ನ ಸೋದರತ್ತೆ ಪುಟ್ಟತಾಯಮ್ಮ ಇದ್ದಾಳೆ. ಹುಟ್ಟಿದ್ದೂ ಅಲ್ಲೇ, ಕೊಟ್ಟಿದ್ದೂ ಅಲ್ಲಿಗೇ. ಅವಳು ಹುಟ್ಟಿದಾಗ ಮನೆಯಲ್ಲಿ ಗಡಿಯಾರವಿರಲಿಲ್ಲ, ಊರಿನ ಪಕ್ಕದಲ್ಲಿ ರೈಲಿತ್ತು. ಸಂಜೆಯ ಆರರ ಗಾಡಿ ಕೂಗಿತಂತೆ, ಅದರ ಹಿಂದೆಯೇ ಕೂಸು ಕೂಗಿತಂತೆ. ಮಾರನೆಯ ದಿನ ಎಲ್ಲಿಂದಲೋ ಬಂದ ಜೋಯಿಸರು ಆರು ಗಂಟೆ ಎಂದು ಬರೆದುಕೊಂಡು, ಬೆರಳು ಮಡಚಿ ಲೆಕ್ಕ ಹಾಕಿ, ಮೂಲಾ ನಕ್ಷತ್ರ ಎಂದುಬಿಟ್ಟರು. ಮೂಲದ ಹೆಣ್ಣು ಮಾವನಿಗೆ ಆಗಿಬರುವುದಿಲ್ಲ ಎನ್ನುವ ಮಾತನ್ನು ನೀವೂ ಕೇಳಿರುತ್ತೀರಿ. ಅತ್ತೆಯ ಮದುವೆಯಾದ ವರ್ಷವೇ ಅವಳ ಮಾವ, ಗಂಡನ ಅಪ್ಪ, ತೀರಿಕೊಂಡರು.

ಅವತ್ತಿನಿಂದ ಅತ್ತೆ ಯಾವ ಮಗುವನ್ನೂ ತೊಟ್ಟಿಲಿಗೆ ಹಾಕಿಲ್ಲ. ತನ್ನ ಮೊಮ್ಮಕ್ಕಳ ತೊಟ್ಟಿಲ ಶಾಸ್ತ್ರದಲ್ಲೂ ಹೊಸಿಲಾಚೆ ನಿಂತೇ ಸೋಬಾನೆ ಹಾಡಿದವಳು. "ನಾನು ಮೂಲದೋಳು ಕಣಪ್ಪ, ಇಲ್ಲೇ ಇರ್ತೀನಿ ಬುಡು" ಎನ್ನುತ್ತಾಳೆ. ಅದೆಲ್ಲ ಸುಳ್ಳು, ನಂಬಬೇಡ ಎಂದು ಹೇಳಿ ಹೇಳಿ ನಾವೆಲ್ಲ ಸೋತಿದ್ದೆವು. ಈಗ ಮೊಮ್ಮಗಳು ಸುಮಾಳಿಗೆ ಹೆಣ್ಣು ಮಗುವಾಗಿದೆ. ಅಜ್ಜಿಯೇ ತೊಟ್ಟಿಲಿಗೆ ಹಾಕಬೇಕು ಎಂದು ಅವಳ ಹಠ. ಸುತರಾಂ ಆಗದು ಎಂದು ಅಜ್ಜಿಯ ಹಠ.

ಅತ್ತೆಯನ್ನು ಒಪ್ಪಿಸಲೆಂದು ಹೊರಟವನು ಕೆ.ಆರ್. ನಗರದ ಸ್ಟೇಷನ್ನಿನಲ್ಲಿ ಸೊಪ್ಪಿನ ಗಂಟು ಇಟ್ಟುಕೊಂಡು ಕೂತಿದ್ದ ಹೆಂಗಸನ್ನು ಕೇಳಿದೆ: "ಒಂಬತ್ತರ ಗಾಡಿ ಹೋಯ್ತೇನಮ್ಮ?"

"ಇಲ್ಲ ಕಣಣ್ಣ. ಒಂಬತ್ತರ ಗಾಡಿ ಬರೋದೇ ಹತ್ತೂವರೆಗೆ."

"ಅಷ್ಟು ತಡವಾ?"

"ತಡ ಯಾಕಾದದು? ಅದರ ಟೈಮೇ ಹತ್ತೂವರೆ. ಎಸ್ರು ಒಂಬತ್ತರ ಗಾಡಿ, ಅಷ್ಟೇಯ."

ಕೂತವನು ಎದ್ದು ನಿಂತೆ. ಅಲ್ಲವೇ! ನಮ್ಮ ಕಡೆ ಗಾಡಿಗೆ ಒಮ್ಮೆ ಹೆಸರಿಟ್ಟರೆ ಮುಗಿಯಿತು. ಆಮೇಲೆ ಅದರ ಹೊತ್ತು ಎಷ್ಟು ಸಲ ಬದಲಾದರೂ ಹೆಸರು ಅಲುಗುವುದಿಲ್ಲ. ಹಾಗಾದರೆ ಅತ್ತೆಯ ಆರರ ಗಾಡಿ?

ಹೊಸ ಅಗ್ರಹಾರಕ್ಕೆ ಹೋಗಲಿಲ್ಲ, ಎದುರು ದಿಕ್ಕಿನ ಗಾಡಿ ಹತ್ತಿ ಸೀದಾ ಮೈಸೂರಿಗೆ ಹೋದೆ. ಹಳೆ ಪುಸ್ತಕದ ಅಂಗಡಿಗಳನ್ನೆಲ್ಲ ಜಾಲಾಡಿದೆ. ಕಡೆಗೆ ಅಡುಗೆ ಪುಸ್ತಕಗಳ ರಾಶಿಯ ಅಡಿಯಲ್ಲಿ, ರಟ್ಟು ಕಿತ್ತುಹೋದ ಒಂದು ಟೈಮ್ ಟೇಬಲ್, ಅತ್ತೆ ಹುಟ್ಟಿದ ವರ್ಷದ್ದೇ! ಅಲ್ಲೇ ನಿಂತು ಪುಟ ತಿರುವಿದೆ. ಹೊಸ ಅಗ್ರಹಾರ, ಸಂಜೆಗಿದ್ದದ್ದು ಒಂದೇ ಗಾಡಿ, ಅದೂ ಎಂಟು ದಾಟಿದ ಮೇಲೆ! ನಾನು ಹಾಕಿದ ಕೇಕೆಗೆ ಅಂಗಡಿಯವನು ಗಾಬರಿಯಾಗಿ ನೀರು ತಂದುಕೊಟ್ಟ.

ಮನೆಯ ಪುರೋಹಿತರಿಗೆ ತೋರಿಸಿದೆ. ಅವರು ಹಳೆಯ ಪಂಚಾಂಗ ತಿರುವಿ, "ಮೂಲಾ ಏಳಕ್ಕೇ ಮುಗೀತಲ್ರೀ! ಆಮೇಲಿನದು ಪೂರ್ವಾಷಾಢಾ" ಎಂದರು. ಅವತ್ತು ಗಾಡಿ ಟೈಮಿಗೆ ಸರಿಯಾಗಿ ಬಂದಿತ್ತೇ ಎಂದು ನೀವು ಕೇಳಬಹುದು. ನಾನೂ ಕೇಳಿಕೊಂಡೆ. ತಡವಾಗಿ ಬಂದಿದ್ದರೆ ನಮಗೇ ಒಳ್ಳೆಯದು, ಮೂಲಾ ಇನ್ನೂ ದೂರವಾಗುತ್ತದೆ. ಬೇಗ ಬಂದಿದ್ದರೆ ಎನ್ನುತ್ತೀರಾ? ನೀವು ನಮ್ಮ ಪ್ಯಾಸೆಂಜರ್ ಗಾಡಿ ಹತ್ತಿದವರಲ್ಲ, ಬಿಡಿ.

ತೊಟ್ಟಿಲ ಶಾಸ್ತ್ರದ ದಿನ ಬೆಳಿಗ್ಗೆಯೇ ಹೋಗಿ ಹೊಸಿಲಾಚೆ ನಿಂತಿದ್ದ ಅತ್ತೆಗೆ ಎಲ್ಲ ಬಿಡಿಸಿ ಹೇಳಿದೆ. ಅವಳು ಕುಣಿದಾಡುತ್ತಾಳೆ ಎಂದುಕೊಂಡಿದ್ದೆ. ಅವಳು ನನ್ನ ಮುಖವನ್ನೇ ನೋಡುತ್ತಾ, ಮೆತ್ತಗೆ, "ಅಂಗಾದ್ರೆ ನಮ್ಮಾವನ್ನ ನಾನು ನುಂಗ್ಕಳ್ನಿಲ್ವಾ?" ಎಂದಳು.

"ಇಲ್ಲ ಕಣತ್ತೆ" ಎಂದೆ. ಇಷ್ಟು ವರ್ಷ ಅವಳು ಹೊತ್ತಿದ್ದು ಇದನ್ನೇ ಎಂದು ನನಗೆ ಗೊತ್ತಿರಲಿಲ್ಲ.

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಮೇಲೆ ಬಂತು ನೋಡಿ ಸಿಟ್ಟು. "ಥೂ ಆಳಾದ ಗಾಡಿಯೇ! ಎಂಟಕ್ಕೆ ಬಂದು ಆರರ ಗಾಡಿ ಅನ್ನಿಸ್ಕತಿದ್ಯಾ?" ಎಂದು ಹಳಿಯ ದಿಕ್ಕಿಗೆ ತಿರುಗಿ ಬೈದು, ಹೊಸಿಲು ದಾಟಿ ಸರಸರನೆ ಒಳಗೆ ಹೋದಳು. ಸುಮಾಳ ಮಡಿಲಿನಿಂದ ಕೂಸನ್ನು ಎತ್ತಿಕೊಂಡು, ಒಮ್ಮೆ ಎದೆಗೊತ್ತಿಕೊಂಡು, ತೊಟ್ಟಿಲಿಗೆ ಹಾಕಿದಳು. ಸೋಬಾನೆ ಹಾಡಬೇಕಾದ ಹೆಂಗಸರೆಲ್ಲ ಹಾಡು ಮರೆತು ಮೂಗೊರೆಸಿಕೊಳ್ಳುತ್ತಿದ್ದರು.

ಅಷ್ಟರಲ್ಲಿ ದೂರದಲ್ಲಿ ರೈಲು ಕೂಗಿತು. ಜಗಲಿಯಿಂದ ಯಾರೋ, "ಓ, ಒಂಬತ್ತರ ಗಾಡಿ ಬಂತು" ಎಂದರು.

ತೊಟ್ಟಿಲ ಹಗ್ಗ ಬಿಡದೆಯೇ ಅತ್ತೆ ಗದರಿದಳು: "ಲೋ, ಮನೇಲಿ ಹೆಣ್ಣು ಕೂಸದೆ. ಗಡಿಯಾರ ನೋಡ್ಕಂಡು ಮಾತಾಡ್ರೋ!"