ಸನ್ಮಾನದ ಶಾಲು

ನಮ್ಮ ಕಡೆ ಮಳೆ ಕೈಕೊಟ್ಟೀತು, ಬಂಗುಡೆ ಕೈಕೊಟ್ಟೀತು, ಸನ್ಮಾನ ಮಾತ್ರ ಎಂದೂ ಕೈಕೊಟ್ಟದ್ದಿಲ್ಲ. ಒಂದು ಶಾಲು, ಒಂದು ಹಣ್ಣಿನ ಬುಟ್ಟಿ, ಹೆದ್ದಾರಿ ಬದಿಗೊಂದು ಫ್ಲೆಕ್ಸ್ ಇದ್ದರೆ ಮುಗಿಯಿತು, ಸನ್ಮಾನ ಮಾಡಿದವನೇ ದೊಡ್ಡ ಮನುಷ್ಯ. ಹಂಗಾರಕಟ್ಟೆಯ ಬೋಟು ಮಾಲೀಕ ಚಂದಯ್ಯ ದೊಡ್ಡ ಮನುಷ್ಯನಾದದ್ದೂ ಹೀಗೆಯೇ.

ಸುಗುಣ ಅವನ ಬೋಟಿನ ಮೀನನ್ನು ಬೋಟು ಬಂದು ನಿಲ್ಲುವ ದಕ್ಕೆಯಲ್ಲಿ ಕೊಂಡು, ಬುಟ್ಟಿ ಹೊತ್ತು ಮನೆಮನೆಗೆ ಮಾರುವವಳು. ಮುಂಬೈ ಹೋಟೆಲಿಗೆ ಹೋದ ಗಂಡ ವರ್ಷಕ್ಕೊಮ್ಮೆ ಬಂದರೆ ಬಂದ. ಮಗಳು ನವ್ಯಶ್ರೀ ಜೀವಿಗಳ ಲೆಕ್ಕ ಹಾಕುವ ಬಯೋಮ್ಯಾಥಮ್ಯಾಟಿಕ್ಸ್ ಎಂ.ಎಸ್ಸಿ.ಗೆ ಸೇರಿದಾಗ ಚಂದಯ್ಯ ದಕ್ಕೆಯ ಮೇಲೆ ಎಲ್ಲರೆದುರು ನಕ್ಕಿದ್ದ.

"ಬಂಗ್ಡೆ ಎಷ್ಟಿತ್ತ್ ಅಂಬುದ್ ಲೆಕ್ಕ ಮಾಡುಕೆ ಎರ್ಡ್ ವರ್ಷ ಓದ್ಕಾ? ಅದ್ನ ನಮ್ಮನಿ ಬೆಕ್ಕ್ ಹೇಳತ್ತ್."

ಸುಗುಣಳಿಗೂ ಆ ಓದು ಅರ್ಥವಾಗಿರಲಿಲ್ಲ. ಆ ನಗು ಮಾತ್ರ ಚೆನ್ನಾಗಿ ಅರ್ಥವಾಗಿತ್ತು.

ಕೊನೆಯ ವರ್ಷ ನವ್ಯಶ್ರೀಯ ಪ್ರಬಂಧಕ್ಕೆ ಬಹುಮಾನ ಬಂದು ಪೇಪರಿನಲ್ಲಿ ಫೋಟೋ ಬಂದದ್ದೇ ತಡ, ಗಾಳಿ ಬಂದಾಗ ತೂರಿಕೊಳ್ಳುವ ಚಂದಯ್ಯ ಸನ್ಮಾನ ಘೋಷಿಸಿಯೇಬಿಟ್ಟ. ಫ್ಲೆಕ್ಸಿನಲ್ಲಿ ಅವನ ಮುಖ ಬಾಗಿಲಷ್ಟು, ಹುಡುಗಿಯದು ಅಂಚೆಚೀಟಿಯಷ್ಟು. ಗೊತ್ತುಮಾಡಿದ ದಿನವೋ, ಅವಳ ಕೊನೆಯ ಮೌಖಿಕ ಪರೀಕ್ಷೆಯ ದಿನವೇ. ತಪ್ಪಿಸಿದರೆ ಒಂದು ವರ್ಷ ಹೋಯಿತು.

ದಿನ ಬದಲಿಸಿ ಎಂದು ಸುಗುಣ ಕೇಳಲು ಹೋದಳು.

"ಪರೀಕ್ಷೆ ಬಪ್ಪ ವರ್ಷವೂ ಬತ್ತ್ ಸುಗುಣ. ಮುಖ್ಯ ಅತಿಥಿ ಬತ್ರಾ?" ಎಂದ ಚಂದಯ್ಯ. "ಹೆಣ್ಣ್ ಬಾರ್ದಿದ್ರೆ ನಮ್ ಬೋಟಿನ್ ಮೀನೂ ನಿಂಗಿಲ್ಲ."

ಮನೆಯಲ್ಲಿ ನವ್ಯಶ್ರೀ ಮುಖ ಸಣ್ಣ ಮಾಡಿ ಕೂತಿದ್ದಳು. "ನಾ ಸನ್ಮಾನಕ್ಕೇ ಬತ್ತೆ ಅಮ್ಮ. ಮೀನ್ ಸಿಕ್ದಿದ್ರೆ ನೀ ಎಂತ ಮಾಡ್ತೆ?"

"ನೀ ಪರೀಕ್ಷೆಗ್ ಹೋಯ್ಕ್. ಶಾಲ್ ಹೊದ್ಕಂಬುಕೆ ಓದ್ಕಾ? ಸನ್ಮಾನಕ್ಕ್ ನಾ ಹೋತೆ."

ಹೆದರಿಕೆ ಸುಗುಣಳಿಗೂ ಇತ್ತು. ಮಗಳಿಗೆ ತೋರಿಸಲಿಲ್ಲ.

ವೇದಿಕೆಯಲ್ಲಿ ಚಂದಯ್ಯ ಮುಖ ಗಂಟಿಕ್ಕಿಕೊಂಡೇ, ಮಗಳ ಬದಲು ಬಂದ ತಾಯಿಗೆ ಶಾಲು ಹೊದಿಸಿದ, ಕ್ಯಾಮೆರಾದ ಕಡೆಗಷ್ಟೇ ಹಲ್ಲು ಕಿರಿದ. ಎರಡು ಮಾತಾಡಿ ಎಂದು ಯಾರೋ ಸುಗುಣಳ ಕೈಗೆ ಮೈಕು ಕೊಟ್ಟರು.

"ಮಗ್ಳ್ ಪರೀಕ್ಷೆಗ್ ಹೋಯ್ತ್," ಎಂದಳು. "ಪರೀಕ್ಷೆ ಬಿಟ್ಟ್ ಬಂದ್ ಶಾಲ್ ಹೊದ್ಕಣ್ಕ್ ಅಂದಿದ್ರ್ ಚಂದಯ್ಯಣ್ಣ. ಶಾಲ್ ಓದಿದವ್ರಿಗಾ, ಓದ್ ಬಿಟ್ಟವ್ರಿಗಾ, ನಂಗ್ ಗೊತ್ತಾಯ್ಲ."

ಮುಖ್ಯ ಅತಿಥಿ ಮೊಬೈಲಿನಿಂದ ತಲೆಯೆತ್ತಿ ನಕ್ಕರು. ಅವರು ನಕ್ಕ ಮೇಲೆ ನಗಬಹುದೆಂದು ಗೊತ್ತಾಗಿ ಸಭೆಯೂ ನಕ್ಕಿತು.

ಮಗಳು ಪಾಸಾದಳು. ಚಂದಯ್ಯ ಜೀವಮಾನದಲ್ಲಿ ಉಳಿಸಿಕೊಂಡ ಮಾತು ಅದೊಂದೇ ಇರಬೇಕು, ಮೀನು ನಿಲ್ಲಿಸಿದ. ಈಗ ಸುಗುಣ ನಸುಕಿಗೇ ಬಸ್ಸು ಹತ್ತಿ ಗಂಗೊಳ್ಳಿಯಿಂದ ಮೀನು ತರುತ್ತಾಳೆ. ದಣಿವು ಹೆಚ್ಚು, ಕೈಯಲ್ಲಿ ಉಳಿಯುವುದು ಕಡಿಮೆ. ಆ ಶಾಲನ್ನು ಸುತ್ತಿ ಸಿಂಬಿ ಮಾಡಿ, ಅದರ ಮೇಲೆ ಬುಟ್ಟಿ ಹೊತ್ತು ಚಂದಯ್ಯನ ಮನೆಯೆದುರೇ ಹಾದುಹೋಗುತ್ತಾಳೆ. ಮೀನಿನ ನೀರು ಕುಡಿದ ಜರಿಯಂಚು ಹಣೆಯ ಮೇಲೆ ಇಳಿಬಿದ್ದಿರುತ್ತದೆ.

ಮೊನ್ನೆ ಅವನು ತಡೆಯಲಾರದೆ ಜಗಲಿಯಿಂದಲೇ ಕೇಳಿದ. "ಏ ಸುಗುಣ, ಸನ್ಮಾನದ್ ಶಾಲಿಗ್ ಇಷ್ಟೇಯಾ ಮರ್ಯಾದಿ?"

"ತಲಿ ಮೇಲ್ ಇಟ್ಕಂಡ್ ತಿರ್ಗ್ತೆ ಚಂದಯ್ಯಣ್ಣ," ಎಂದಳು ಸುಗುಣ, ನಿಲ್ಲದೆ. "ಇನ್ನೆಲ್ಲ್ ಇಡ್ಕ್?"