ಗೋಡೆ ಕುಡಿದ ನೀರು

ನದಿ ಉಕ್ಕಿದರೆ ಯಾವ ಓಣಿಗೆ ಎಷ್ಟೆತ್ತರ ನೀರು ಬರುತ್ತದೆ ಎಂದು ಮೊದಲೇ ಹೇಳುವ ಕಂಪ್ಯೂಟರ್ ಮಾದರಿಗಳನ್ನು ಪರೀಕ್ಷಿಸುವುದು ನನ್ನ ಕೆಲಸ. ಕೆಲವು ವರ್ಷ ಕರಾವಳಿಯಲ್ಲಿದ್ದು, ಬಿರುಗಾಳಿಗೆ ಕಡಲು ಊರೊಳಗೆ ನುಗ್ಗುವ ಲೆಕ್ಕ ನೋಡಿಕೊಂಡಿದ್ದೆ. ಆಮೇಲೆ ಕೃಷ್ಣಾ ನದಿಯ ಕೆಲಸ ಬಂತು. ಜಮಖಂಡಿ ನನ್ನ ತವರು, ಖುಷಿಯಿಂದಲೇ ಬಂದೆ.

ಹಿಂದಿನ ಮಹಾಪೂರವೊಂದರ ವಿವರವನ್ನು ಮಾದರಿಗೆ ಕೊಟ್ಟು, ಅದು ಹೇಳಿದ ಎತ್ತರವನ್ನು ಮನೆಗೋಡೆಗಳ ಮೇಲಿನ ಕಲೆಗಳ ಜೊತೆ ಹೋಲಿಸಿದೆವು. ಬಹುತೇಕ ಎಲ್ಲ ಕಡೆ ಮಾದರಿ ಒಂದು ಗೇಣು ಕಡಿಮೆ ಹೇಳುತ್ತಿತ್ತು. ಮಾದರಿಯನ್ನೇ ತಿದ್ದಿ ನೀರು ಏರಿಸೋಣ ಎಂದು ಮೇಲಧಿಕಾರಿ ಹೇಳಿದರು, ನಾನೂ ಒಪ್ಪಿದ್ದೆ. ಆದರೂ ಒಂದು ಮನೆಯನ್ನಾದರೂ ಮತ್ತೆ ಅಳೆಯಬೇಕೆನಿಸಿ ರಬಕವಿ ಕಡೆಯ ತಗ್ಗಿನ ಓಣಿಯೊಂದಕ್ಕೆ ಹೋದೆ.

ಅಲ್ಲಿ ಐವತ್ತು ದಾಟಿದ ನೇಕಾರ ಹೆಂಗಸೊಬ್ಬರು ಮಗ್ಗದಲ್ಲಿ ಕೂತಿದ್ದರು. ನಾನು ಗೋಡೆಗೆ ಟೇಪು ಹಿಡಿದದ್ದನ್ನು ನೋಡಿ ಕೈ ನಿಲ್ಲಿಸಿದರು.

“ತಂಗಿ, ಅಲ್ಲೀತನಕ ನೀರ ಬಂದಿದ್ದಿಲ್ಲ.”

“ಕಲಿ ಇಲ್ಲೀತನಕ ಐತೆಲ್ರೀ ಅಕ್ಕಾರ?”

“ಅದು ಗ್ವಾಡಿ ಕುಡದ ನೀರು. ಮಣ್ಣಿನ ಗ್ವಾಡಿ ಅರಿವಿ ಇದ್ದಂಗ. ನೋಡಿಲ್ಲೆ.”

ಬಟ್ಟೆಯ ಚೂರೊಂದರ ತುದಿಯನ್ನು ಚರಿಗೆಯ ನೀರಿಗೆ ತಾಗಿಸಿ ಹಿಡಿದರು. ನೀರು ಮೆಲ್ಲಗೆ ಬಟ್ಟೆಯ ಮೇಲೆ ಏರಿತು. ಸಾಲೆಯಲ್ಲೇ ಓದಿದ್ದ ಸಂಗತಿ ಅದು. ನನಗೆ ನಾಚಿಕೆಯಾಯಿತು.

ಒಳಗಿನ ಕೋಣೆಯಲ್ಲಿ ಕಬ್ಬಿಣದ ತಿಜೋರಿ ಇತ್ತು. “ಇದನ್ನ ಎತ್ತಾಕ ಆಗಲಿಲ್ಲ, ಬಿಟ್ಟ ಹೋಗಿದ್ವಿ. ಕಬ್ಬಣ ನೀರ ಕುಡೀತೈತೇನು?” ಎಂದರು. ಅದರ ಬೆನ್ನ ಮೇಲೆ ತುಕ್ಕಿನ ನೇರ ಗೆರೆ. ಅಳೆದೆ. ಮಾದರಿ ಹೇಳಿದ್ದಕ್ಕೂ ಅದಕ್ಕೂ ಎರಡು ಬೆರಳಷ್ಟೇ ವ್ಯತ್ಯಾಸ.

ಅವರ ಚಹಾ ಕುಡಿಯುತ್ತಲೇ ಮೇಲಧಿಕಾರಿಗೆ ಫೋನು ಮಾಡಿ ಈ ಗೆರೆಯ ವಿಷಯ ಹೇಳಿದೆ. “ಹಾಗಾದರೆ ಎಲ್ಲ ಮನೆಗಳನ್ನೂ ಮತ್ತೆ ಅಳೆಯಿರಿ” ಎಂದರು.

ಆಕೆ ಎರಡು ದಿನ ಮಗ್ಗ ಬಿಟ್ಟು ನನ್ನ ಜೊತೆ ತಿರುಗಿದರು. ಅವರಿಲ್ಲದಿದ್ದರೆ ಯಾರು ನನ್ನನ್ನು ಮನೆಯ ಒಳಕೋಣೆಗೆ ಬಿಡುತ್ತಿದ್ದರು? ತಿಜೋರಿ, ಗೇಟು, ಕಾಳಿನ ಡಬ್ಬಿ, ಎಲ್ಲ ಅಳೆದೆವು. ಹಳ್ಳವೊಂದು ನದಿಗೆ ಸೇರುವಲ್ಲಿ ಮಾತ್ರ ಮಾದರಿ ನಿಜಕ್ಕೂ ತಪ್ಪಿತ್ತು; ಅದನ್ನು ತಿದ್ದಲು ತಿಂಗಳುಗಳೇ ಹಿಡಿದವು. ಉಳಿದದ್ದನ್ನು ಮುಟ್ಟಲಿಲ್ಲ. ಮುಟ್ಟಿದ್ದರೆ ನೀರು ಬಾರದ ಮನೆಗಳನ್ನೂ ಪ್ರತಿ ಮಳೆಗಾಲ ಖಾಲಿ ಮಾಡಿಸುತ್ತಿದ್ದೆವು, ಮುಂದೆ ಯಾರೂ ನಮ್ಮ ಮಾತು ನಂಬುತ್ತಿರಲಿಲ್ಲ.

ಮರುವರ್ಷ ನದಿ ಉಕ್ಕಿದಾಗ ಮುನ್ಸೂಚನೆ ಆ ಓಣಿಗೂ ಹೋಯಿತು. ಎರಡನೆಯ ದಿನ ಆಕೆಯ ಫೋನು ಬಂತು.

“ನೀ ಹೇಳಿದಂಗ ನೀರ ಮನಿ ಕಟ್ಟಿತನಕ ಬಂದು ನಿಂತೈತಿ ನೋಡು. ನೂಲೆಲ್ಲಾ ಮ್ಯಾಲಿಟ್ಟೇನಿ. ನಿಂದು ಊಟ ಆತೇನು?”

ಆಗಿರಲಿಲ್ಲ. ನೀರಿನ ನಡುವೆ ಇರುವವರಿಗೆ ನನ್ನ ಚಿಂತೆ ಬೇಡವೆಂದು, ಆಗಿದೆ ಎಂದಷ್ಟೇ ಹೇಳಿದೆ.