ಡೋಲಕಿಗೆ ಬದಲಿ ಹುಡುಕಿದ ಎರಡು ದಿನ

ಡಿಸೆಂಬರಿನ ಮೊದಲ ಶುಕ್ರವಾರ ಬೆಳಿಗ್ಗೆ ಎಂಟೂಕಾಲಿಗೆ ಬೀದರದಿಂದ ಭಾಲ್ಕಿಯ ಬಸ್ಸು ಹತ್ತಿದೆ. ಟಿಕೆಟ್ಟು ಮೂವತ್ತೆಂಟು ರೂಪಾಯಿ. ಚೀಲದಲ್ಲಿ ಎರಡು ಜೋಳದ ರೊಟ್ಟಿ, ಶೇಂಗಾ ಹಿಂಡಿ, ಎರಡು ಬಾಟಲಿ ನೀರು. ನಾನು ಕಲಿಸುವ ಸಾಲಿಗೆ ರಜೆ ಹಾಕಿದ್ದೆ. "ಎಲ್ಲಿಗ್ರಿ?" ಎಂದು ಕೇಳಿದ ಕಂಡಕ್ಟರು ಯಾಕೆಂದು ಕೇಳಲಿಲ್ಲ. ಕೇಳಿದ್ದರೆ ನಿಜ ಹೇಳಲು ನನಗೆ ಬಾಯಿ ಬರುತ್ತಿರಲಿಲ್ಲ.

ನಾನು ನಮ್ಮ ಚರ್ಚಿನಲ್ಲಿ ಹಾರ್ಮೋನಿಯಂ ನುಡಿಸುತ್ತೇನೆ, ಹಾಡು ಕಲಿಸುತ್ತೇನೆ. ಡೋಲಕ್ ಮಾತ್ರ ಇಪ್ಪತ್ತು ವರ್ಷಗಳಿಂದ ಥಾಣಾ ಕುಶನೂರಿನ ಪ್ರಭುದಾಸರದು. ರಕ್ತಸಂಬಂಧವಿಲ್ಲ, ಆದರೂ ನನಗೆ ಅವರು ಪ್ರಭು ಕಾಕಾ. ಪ್ರತಿ ಡಿಸೆಂಬರಿನಲ್ಲಿ ಡೋಲಕ್ ಹೆಗಲಿಗೆ ಹಾಕಿಕೊಂಡು ಬಂದು, ಬೀದರದ ಚಿದ್ರಿ ಬಡಾವಣೆಯ ನಮ್ಮ ಮನೆಯಲ್ಲಿ ಹತ್ತು ದಿನ ಇದ್ದು, ಕ್ರಿಸ್‌ಮಸ್ ಮುಗಿಸಿ ಹೋಗುವವರು. ಆ ವರ್ಷ ಎರಡನೇ ಸಲ ಮಳೆ ಕೈಕೊಟ್ಟಿತ್ತು. ದೀಪಾವಳಿ ಮುಗಿಯುತ್ತಲೇ ಕುಶನೂರಿನ ಅರ್ಧ ಜನ ಗಂಟುಮೂಟೆ ಕಟ್ಟಿತು. ಕಾಕಾನೂ ಹೈದರಾಬಾದಿಗೆ ಕಟ್ಟಡದ ಕೆಲಸಕ್ಕೆ ಹೋದರು. ಹಿಂದಿನ ಭಾನುವಾರ ಅವರ ಫೋನು ಬಂದಿತ್ತು.

"ಸುಲೋಚನವ್ವಾ, ಮೇಸ್ತ್ರಿ ಹತ್ತು ದಿನ ರಜಾ ಕೊಡಂಗಿಲ್ಲ. ಬಿಟ್ಟು ಬಂದ್ರ ಜಾಗಾ ಹೋತು. ನೀವು ಪಕ್ಕಾ ಕರೀತೀರಂದ್ರ ಬಿಟ್ಟೇ ಬರ್ತೇನಿ. ಇಲ್ಲಂದ್ರ ಇಲ್ಲೇ ಇರ್ತೇನಿ. ಶನಿವಾರದೊಳಗ ಒಂದ್ ಮಾತ್ ಹೇಳವ್ವಾ."

ಆಗಲೇ ಬಾ ಎನ್ನಬಹುದಿತ್ತು. ಆದರೆ ಚಿದ್ರಿಯಲ್ಲಿ ನಳದ ನೀರು ಬರುತ್ತಿದ್ದುದು ಹನ್ನೆರಡು ದಿನಕ್ಕೊಮ್ಮೆ. "ಇನ್ನೊಬ್ಬರು ಬಂದ್ರ ದಿನಾ ಎರಡು ಕೊಡ ನೀರು ಹೆಚ್ಚಿಗಿ ಬೇಕು, ಎಲ್ಲಿಂದ ತರ್ತಿ?" ಎಂದರು ನನ್ನ ಗಂಡ. ಕಾಕಾ ನಮ್ಮ ಮನೆಯಲ್ಲಿರಲಿ ಎಂದು ಹಾಡಿನ ತಂಡದ ಒಬ್ಬರೂ ಬಾಯಿ ಬಿಡಲಿಲ್ಲ. ಕಡೆಗೆ ತಂಡದ ಕಾರ್ಯದರ್ಶಿ ದಾರಿ ತೋರಿಸಿದರು. "ಹೋದ ವರ್ಷದ ರೆಕಾರ್ಡಿಂಗ್ ಅದ ಅಲ್ರಿ? ಕಂಪ್ಯೂಟರ್‌ನಾಗ ಲೂಪ್ ಮಾಡಿದ್ರ ಆತು." ಲೂಪ್ ಎಂದರೆ ನಾಲ್ಕು ಆವರ್ತನದ ಬಡಿತ ಕತ್ತರಿಸಿ, ಬಾಲಕ್ಕೆ ತಲೆ ಜೋಡಿಸಿ, ಅದನ್ನೇ ಮತ್ತೆ ಮತ್ತೆ ತಿರುಗಿಸುವುದು. ಎಲ್ಲರ ಮುಖ ಅರಳಿತು. ನನ್ನದೂ ಅರಳಿತು, ಸುಳ್ಳು ಯಾಕೆ ಹೇಳಲಿ. ಯಾವ ಸಾಫ್ಟ್‌ವೇರ್ ಒಳ್ಳೆಯದು ಎಂದು ನೋಡಿ ಬರುವ ಕೆಲಸ ನನ್ನ ಕೊರಳಿಗೆ ಬಿತ್ತು. ಬೀದರದಲ್ಲೂ ಅಂಗಡಿಗಳಿವೆ. ಆದರೆ ಇಲ್ಲಿ ಎಲ್ಲರಿಗೂ ಕಾಕಾ ಗೊತ್ತು.

ಭಾಲ್ಕಿಯಲ್ಲಿ ಮದುವೆ ವಿಡಿಯೋ ಮಾಡುವ ಸಂತೋಷನ ಅಂಗಡಿ ಬಸ್ ನಿಲ್ದಾಣದಿಂದ ಐದು ನಿಮಿಷ. ಚಹಾ ತರಿಸಿ, ನನ್ನ ಫೋನಿನಿಂದ ರೆಕಾರ್ಡಿಂಗ್ ತೆಗೆದುಕೊಂಡ. ಅವನದು ಪುಕ್ಕಟೆ ಸಿಗುವ ಸಾಫ್ಟ್‌ವೇರ್. ಮುದುಕಿಯರ ಹಾಡು ನಿಧಾನ, ಹುಡುಗರ ಹಾಡು ಜೋರು, ಒಂದೇ ಲೂಪನ್ನು ಎರಡಕ್ಕೂ ಹಿಗ್ಗಿಸಿ ಕುಗ್ಗಿಸಬೇಕು ಎಂದೆ. ಹಿಗ್ಗಿಸಿದ. ಸೆಲ್ ಸತ್ತ ಟೇಪ್‌ರೆಕಾರ್ಡರಿನಂತೆ ಡೋಲಕಿನ ದನಿ ಕೆಳಗಿಳಿದು ಗೊಗ್ಗರಾಯಿತು. ದನಿ ಇಳಿಯದಂತೆ ಇನ್ನೊಂದು ಗುಂಡಿ ಒತ್ತಿದ. ದನಿ ನಿಂತಿತು, ಆದರೆ ಒಂದೊಂದು ಪೆಟ್ಟೂ ಹಂಡೆಯೊಳಗೆ ಬಡಿದಂತೆ ಹರಡಿಕೊಂಡಿತು.

"ಇದಕ್ಕಿಂತ ಚಲೋ ಆಗಂಗಿಲ್ರಿ ಮೇಡಂ," ಎಂದ. "ಮತ್ತ ಒಂದ್ ಮಾತ್ ಹೇಳ್ಲ್ಯಾ? ನಿಮ್ಮ ಡೋಲಕಿನವರು ನಾಕನೇ ಸುತ್ತಿನ್ಯಾಗ ತಾಳ ತಪ್ಪ್ಯಾರ. ನೋಡ್ರಿ, ಎಷ್ಟ್ ಉದ್ದ ಆಗ್ಯದ."

ನನಗೆ ಸಿಟ್ಟು ನೆತ್ತಿಗೇರಿತು. "ತಪ್ಪಿಲ್ಲಪ್ಪಾ! ಅಲ್ಲಿ ನಮ್ಮ ಮಾರ್ತಮ್ಮ ಕಡೀ ಅಕ್ಷರ ಉಸಿರು ಮುಗಿಯೂ ತನಕ ಎಳೀತಾಳ. ಆಕಿ ಬಿಡೂ ತನಕ ಅವರು ಕೈ ತಡೀತಾರ." ಎಂಬತ್ತರ ಮಾರ್ತಮ್ಮನಿಗೆ ಹಾಡೇ ಪ್ರಾಣ. ಅವಳನ್ನು ಬಿಟ್ಟು ಕಾಕಾ ಒಂದು ಪೆಟ್ಟೂ ಮುಂದೆ ಹೋದವರಲ್ಲ.

"ಇರಬಹುದ್ರಿ. ಆದ್ರ ಕಂಪ್ಯೂಟರ್ ಯಾರಿಗೂ ಕಾಯಂಗಿಲ್ಲ. ಅದು ಕತ್ತರಿಸ್ಬೇಕು, ಇಲ್ಲಂದ್ರ ಲೂಪ್ ಕೂಡಂಗಿಲ್ಲ."

ಅಷ್ಟು ರೇಗಿದವಳೇ "ಹಂಗಾದ್ರ ಕತ್ತರಿಸು" ಎಂದೆ. ಆ ಮಾತು ಆಡಿದ ನಾಲಿಗೆ ನನ್ನದೇ.

ಕತ್ತರಿಸಿದ ಮೇಲೂ ಹಂಡೆಯ ದನಿ ಹೋಗಲಿಲ್ಲ, ಇನ್ನೊಂದು ಅಂಗಡಿ ನೋಡೋಣವೆಂದು ಆ ದಿನ ಭಾಲ್ಕಿಯಲ್ಲೇ ನರ್ಸ್ ಆಗಿರುವ ಗೆಳತಿಯ ಮನೆಯಲ್ಲಿ ಉಳಿದು, ಶನಿವಾರ ಏಳು ಗಂಟೆಗೆ ಔರಾದಿನ ಬಸ್ಸು ಹಿಡಿದೆ. ಚಳಿ ಇತ್ತು, ಬಿಸಿಲು ಏರಿದಂತೆ ಬರೀ ಧೂಳು. ಮಾಂಜ್ರಾ ನದಿಯ ಸೇತುವೆಯ ಕೆಳಗೆ ನೀರಿನ ಗುರುತೂ ಇರಲಿಲ್ಲ, ಮರಳಿನಲ್ಲಿ ಕುಣಿ ತೋಡಿ ಹೆಂಗಸರು ಬಟ್ಟಲಿನಿಂದ ನೀರು ಮೊಗೆಯುತ್ತಿದ್ದರು. ಎದುರಿಗೆ ಬಂದ ಜೀಪಿನ ಮೇಲೆ ಹಾಸಿಗೆ, ಸ್ಟವ್ವು, ಬುಟ್ಟಿಯೊಳಗೆ ಕೋಳಿ. ನನ್ನ ಪಕ್ಕದ ಹೆಂಗಸು "ಇವರೂ ಹೊಂಟರು ನೋಡ್ರಿ" ಎಂದು ಎಣಿಕೆ ಹಾಕುವವಳಂತೆ ಹೇಳಿದಳು.

ಔರಾದಿನಲ್ಲಿ ಯೂಸುಫ್ ಎಂಬವರು ಮೊಬೈಲ್ ಅಂಗಡಿಯ ಹಿಂದಿನ ಕೋಣೆಯಲ್ಲಿ ಡಿಜೆಗಳಿಗೆ ಹಾಡು ಕೂಡಿಸಿ ಕೊಡುತ್ತಾರೆ. ಹೊರಗಿನ ಸದ್ದು ಬರದಂತೆ ಗೋಡೆಗೆಲ್ಲ ಹಳೆಯ ಗಾದಿ ಬಡಿದಿದ್ದರು. ಅವರ ಸಾಫ್ಟ್‌ವೇರ್ ದುಬಾರಿಯದು, ಆದರೆ ಹದಿನೈದು ದಿನ ಪುಕ್ಕಟೆ ನೋಡಲು ಕೊಡುತ್ತದಂತೆ. ಅದು ಬಡಿತವನ್ನು ಎಳೆಯುವುದೇ ಇಲ್ಲ. ಒಂದೊಂದು ಪೆಟ್ಟನ್ನೂ ಬೇರೆ ಬೇರೆ ತುಂಡು ಮಾಡಿ, ನಡುವಿನ ಜಾಗವನ್ನಷ್ಟೇ ಹೆಚ್ಚುಕಡಿಮೆ ಮಾಡುತ್ತದೆ. ಯೂಸುಫ್ ಮೌಸಿನಿಂದ ಎಳೆದ ಹಾಗೆ ಕಾಕಾನ ಕೈ ಓಡಿತು, ನಡೆಯಿತು, ಮತ್ತೆ ಓಡಿತು. ಪೆಟ್ಟು ಮಾತ್ರ ಪೆಟ್ಟಾಗಿಯೇ ಇತ್ತು. ಅಯ್ಯೋ, ಇಷ್ಟು ಸಲೀಸೇ ಎಂದುಕೊಂಡೆ.

ಆದರೆ ನಿಧಾನ ಮಾಡಿದಾಗ ಪೆಟ್ಟುಗಳ ನಡುವೆ ಯಾರದೋ ಕೂಸಿನ ಅಳು, ಚಪ್ಪಾಳೆ, ತುಂಡು ತುಂಡಾಗಿ ಕೇಳಿಸುತ್ತಿತ್ತು.

"ಸಾಫ್ ಪೆಟ್ಟು ಬೇಕ್ರಿ ಆಪಾ," ಎಂದರು ಯೂಸುಫ್. "ಅದೇ ಡೋಲಕಿಂದು. ಎಡಕ್ಕ, ಬಲಕ್ಕ, ಬಿಡಿ ಬಿಡಿ ಇಪ್ಪತ್ ಪೆಟ್ಟು ಸಾಕು. ನಡಿಗಿ ಹಳೇ ರೆಕಾರ್ಡಿಂಗ್‌ದೇ ಇಡ್ತೇನಿ, ದನಿ ಹೊಸಾದು ಕೂಡಿಸ್ತೇನಿ."

"ಡೋಲಕ್ ಕುಶನೂರದಾಗ ಅದ. ಬಾರಸೋರು ಹೈದರಾಬಾದ್‌ದಾಗ ಅದಾರ."

"ಹೈದರಾಬಾದ್ ಏನ್ ದೂರ್ರಿ? ಅವರಿಗೇ ಕರೀರಲ್ಲ."

ನಾನು ಚೀಲ ಹೆಗಲಿಗೆ ಹಾಕಿಕೊಂಡು ಎದ್ದೆ.

ಥಾಣಾ ಕುಶನೂರಿನಲ್ಲಿ ಬಸ್ಸಿಳಿದಾಗ ಹನ್ನೆರಡೂವರೆ. ರಸ್ತೆಯ ಎರಡೂ ಕಡೆ ತೊಗರಿ ಮೊಣಕಾಲುದ್ದಕ್ಕೇ ಒಣಗಿ ನಿಂತಿತ್ತು. ಕಾಕಾನ ಹೆಂಡತಿ ಕರುಣಾ ಕಾಕಿ ಸಾಲಿಯಲ್ಲಿ ಬಿಸಿಯೂಟ ಮಾಡುವವರು, ಅದಕ್ಕೇ ಗಂಡನ ಜೊತೆ ಹೋಗಿರಲಿಲ್ಲ. ಶನಿವಾರ ಅರ್ಧ ದಿನದ ಸಾಲಿ, ಆಗಷ್ಟೇ ಮನೆಗೆ ಬಂದಿದ್ದರು. ನನ್ನನ್ನು ಕಂಡದ್ದೇ ಕಾಲಿಗೆ ಒಂದು ಚೊಂಬು ನೀರು, ಕುಡಿಯಲು ಇನ್ನೊಂದು ತಂದರು. ನಸುಕಿನಲ್ಲೇ ಎದ್ದು ಟ್ಯಾಂಕರಿಗೆ ಮೂರು ತಾಸು ನಿಂತು ಹಿಡಿದದ್ದು ಎಂದು ಅವರೇ ನಗುತ್ತ ಹೇಳಿದರು. ನಾಚಿಕೆಗೆಟ್ಟವಳು ನಾನು, ಕಾಲೂ ತೊಳೆದೆ, ಕುಡಿದೂ ಕುಡಿದೆ.

"ಅವರಿಗಿ ಕರೀಲಾಕ ಬಂದೀಯೇನವ್ವಾ?" ಎಂದರು. "ಐತಾರದಿಂದ ನಿನ್ನ ಫೋನಿನ ದಾರೀನೇ ನೋಡ್ಲಿಕತ್ತಾರ."

"ಡೋಲಕ್ ಹ್ಯಾಂಗದ ನೋಡ್ಕೊಂಡು ಹೋಗೋಣಂತ ಬಂದೆ ಕಾಕಿ."

ಅಷ್ಟೇ ಸಾಕಾಯಿತು ಅವರಿಗೆ. ಹಳೆಯ ಸೀರೆಯಲ್ಲಿ ಸುತ್ತಿಟ್ಟಿದ್ದ ಡೋಲಕನ್ನು ಕೂಸಿನ ಹಾಗೆ ಎತ್ತಿ ತಂದರು. ಕಾಕಿಗೆ ತಾಳ ನುಡಿಸಲು ಬಾರದು. ಆದರೆ ಡೋಲಕ್ ಬಿಗಿಯುವುದು ಆ ಮನೆಯಲ್ಲಿ ಇಬ್ಬರ ಕೆಲಸ. ಕಾಕಾ ಕಾಲು ಕೊಟ್ಟು ಹಗ್ಗ ಜಗ್ಗುವುದು, ಕಾಕಿ ಎರಡೂ ಕಡೆ ಬಿಡಿ ಪೆಟ್ಟು ಹಾಕಿ "ಇನ್ನಾ ಜಗ್ರಿ, ಸಾಕ್ರಿ" ಎನ್ನುವುದು. ಹಾಗಾಗಿ ಎಡದ ದಪ್ಪ ದನಿ, ಬಲದ ಸಣ್ಣ ದನಿ, ಒತ್ತಿ ಹಿಡಿದ ಪೆಟ್ಟು, ಬಿಟ್ಟ ಪೆಟ್ಟು, ಎಲ್ಲ ಆ ಕೈಗೆ ಗೊತ್ತು. ರೆಕಾರ್ಡ್ ಮಾಡಿಕೊಳ್ಳಲೇ ಎಂದೆ. "ಮಾಡ್ಕೊ, ಅವರಿಗಿ ಕೇಳಿಸು, ಡೋಲಕ್ ಚೊಕ್ಕ ಅದ ಅನ್ನು" ಎಂದು, ಓಣಿಯಲ್ಲಿ ಜಗಳಾಡುತ್ತಿದ್ದವರನ್ನು ತಾವೇ ಗದರಿಸಿ ಸುಮ್ಮನಾಗಿಸಿ, ಇಪ್ಪತ್ತಲ್ಲ, ಮೂವತ್ತು ಪೆಟ್ಟು ಕೊಟ್ಟರು.

"ಚಲೋ ಬಂತೇನವ್ವಾ?"

"ಭಾಳ ಚಲೋ ಬಂತು ಕಾಕಿ."

"ಅವರ ಬಿಳೀ ಅಂಗಿ ಒಗದು ಇಟ್ಟೀನಿ. ಹೈದರಾಬಾದಿಂದ ಸೀದಾ ನಿಮ್ಮ ಮನಿಗೇ ಬರ್ತಾರಂದ್ರ ನೀನೇ ಒಯ್ತೀಯೇನು?"

ಆಮೇಲೆ ನೋಡೋಣ ಎಂದು ಹೊರಬಿದ್ದೆ. ರೊಟ್ಟಿ ತಿಂದು ಹೋಗು ಎಂದು ಬಾಗಿಲ ತನಕ ಬಂದರು, ನಿಲ್ಲಲಿಲ್ಲ. ಬಸ್ಸಿಗೆ ಕಾಯುತ್ತ ಆ ಮೂವತ್ತು ಪೆಟ್ಟನ್ನು ಯೂಸುಫ್‌ಗೆ ಕಳಿಸಿದೆ. ನನ್ನ ಮೇಲೆ ನನಗೇ ಹೇಸಿಗೆ ಬಂತು, ಆದರೆ ಕಳಿಸುವುದನ್ನು ನಿಲ್ಲಿಸಲಿಲ್ಲ.

ಭಾಲ್ಕಿಯಲ್ಲಿ ಬಸ್ಸು ಬದಲಿಸಿ ಬೀದರದ ದಾರಿ ಹಿಡಿದ ಮೇಲೆ ಲೂಪು ಬಂತು. ಇಯರ್‌ಫೋನ್ ಹಾಕಿಕೊಂಡು ಕೇಳಿದೆ. ನಿಧಾನದ್ದು ಒಂದು, ಜೋರಿನದು ಒಂದು, ಎರಡಕ್ಕೂ ಹೆಸರಿಡುವಂತಿರಲಿಲ್ಲ. ಹೆಂಡತಿಯ ಪೆಟ್ಟು, ಗಂಡನ ನಡಿಗೆ. ನಾಲ್ಕನೇ ಸುತ್ತಿನ ಕಾಯುವಿಕೆ ಮಾತ್ರ ಇರಲಿಲ್ಲ. ಮಾರ್ತಮ್ಮ ಈ ಸಲ ಎಂಬತ್ತರ ವಯಸ್ಸಿನಲ್ಲಿ ಯಂತ್ರದ ಹಿಂದೆ ಓಡಬೇಕು, ಇಲ್ಲ ಬಾಯಿ ಮುಚ್ಚಿ ಕೂರಬೇಕು. ಇದೇ ಸಾಫ್ಟ್‌ವೇರ್ ಇರಲಿ ಎಂದು ಕಾರ್ಯದರ್ಶಿಗೆ ಮೆಸೇಜು ಹಾಕಿದೆ. ಕೈಮುಗಿದ ಚಿತ್ರ ತಿರುಗಿ ಬಂತು.

ಬೀದರದ ಅಂಚಿನ ನೌಬಾದ ಬರುವಷ್ಟರಲ್ಲಿ ಕಾಕಾನ ಫೋನು.

"ಶನಿವಾರ ಅಂದಿದ್ದೆ ಅಲ್ಲವ್ವಾ, ಅದಕ್ಕ ಮಾಡ್ದೆ. ಬರ್ಲ್ಯಾ?"

"ಈ ವರ್ಷ ಬ್ಯಾಡ ಕಾಕಾ. ಕೆಲಸ ಬಿಡಬ್ಯಾಡ್ರಿ. ಬಾರಸ್ಲಾಕ ಬ್ಯಾರೆಯವರು ಸಿಕ್ಕಾರ."

ಆ ಕಡೆ ಸಿಮೆಂಟು ಕಲೆಸುವ ಯಂತ್ರದ ಸದ್ದು.

"ಚಲೋ ಆತು ಬಿಡು," ಎಂದರು. "ಯಾರು? ಎಲ್ಲಿಯವರು?"

ನನ್ನ ಬಾಯಿಗೆ ಬೇರೆ ಊರಿನ ಹೆಸರು ಬರಲಿಲ್ಲ. "ಥಾಣಾ ಕುಶನೂರದವರೇ" ಎಂದುಬಿಟ್ಟೆ.

"ನಮ್ಮೂರಾಗ?" ಕಾಕಾ ನಿಜವಾಗಿಯೂ ಯೋಚಿಸಿದರು. "ನನ್ನ ಬಿಟ್ಟು ನಮ್ಮೂರಾಗ ಡೋಲಕ್ ಬಾರಸೋರು ಯಾರದಾರವ್ವಾ?"

ಕೇಳಿಸುತ್ತಿಲ್ಲ ಕಾಕಾ, ನೆಟ್‌ವರ್ಕ್ ಇಲ್ಲ ಎಂದು ಫೋನು ಇಟ್ಟೆ. ನೌಬಾದದಲ್ಲಿ ನೆಟ್‌ವರ್ಕ್ ಚೆನ್ನಾಗಿಯೇ ಇತ್ತು.